ಕಡಮತ್: ಕೆಂಪು ಕರಗುವ ಕಡಲು

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಏಳನೆಯ ಕಲಮನ್ನು ಕಾಸರಗೋಡಿನ ಕನ್ನಡಿಗರಲ್ಲಿ ಹಲವರು ಓದಿರಬಹುದು. ಕಾಸರಗೋಡು ತಾಲೂಕು ಮತ್ತು ಅಮಿನ್‌ದಿವಿ ದ್ವೀಪಗಳನ್ನು ಬಿಟ್ಟು ಉಳಿದ ದಕ್ಷಿಣ ಕನ್ನಡ ಜಿಲ್ಲೆಯು ಹೊಸ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಅಲ್ಲಿ ಹೇಳಿದೆ. ಮೊದಲನೆಯ ಹೆಸರು ನಮ್ಮದು; ಅದರ ನೋವು ನಮಗೆ ಗೊತ್ತು. ಆದರೆ ಅದೇ ವಾಕ್ಯದಲ್ಲಿ ನಮ್ಮ ಪಕ್ಕದಲ್ಲೇ ಕುಳಿತಿರುವ ಎರಡನೆಯ ಹೆಸರನ್ನು ನಾವು ಮರೆತೇ ಬಿಟ್ಟಿದ್ದೇವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಈ ದ್ವೀಪಗಳು ಶ್ರೀರಂಗಪಟ್ಟಣದ ಪತನದ ಬಳಿಕ ಕಂಪೆನಿಯ ಕೈಸೇರಿ, ಒಂದೂವರೆ ಶತಮಾನ ಮಂಗಳೂರಿನ ಆಡಳಿತಕ್ಕೆ ಒಳಪಟ್ಟಿದ್ದವು. ಅಮಿನಿಯಲ್ಲಿದ್ದ ಸರಕಾರಿ ಅಧಿಕಾರಿಗೆ ಮಣೆಗಾರನೆಂದೇ ಹೆಸರು. ದ್ವೀಪದ ತೆಂಗಿನ ನಾರು ಮಂಜಿಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿತ್ತು. ಅಕ್ಕಿ ಅಲ್ಲಿಂದ ಹೋಗುತ್ತಿತ್ತು.

ಈ ಹಳೆಯ ನೆರೆಮನೆಯನ್ನು ನೋಡುವ ಆಸೆಯಿಂದ ನಾನು ಕಡಮತ್‌ಗೆ ಹೋದೆ. ಹೊರಗಿನವರು ಮೊದಲೇ ಪರವಾನಿಗೆ ಪಡೆಯಬೇಕು; ಕೊಚ್ಚಿಯಿಂದ ಹಡಗು ಹತ್ತಬಹುದು. ದ್ವೀಪದ ಉದ್ದ ಎಂಟೊಂಬತ್ತು ಕಿಲೋಮೀಟರು. ಅಗಲವಾದರೋ ಅತಿ ಹೆಚ್ಚೆಂದರೆ ಅರ್ಧ ಕಿಲೋಮೀಟರಿನ ಆಸುಪಾಸು. ನಡುವಿನ ದಾರಿಯಲ್ಲಿ ನಿಂತರೆ ಎರಡೂ ಕಡೆಯ ಅಲೆಯ ಸದ್ದು ಕೇಳುತ್ತದೆ. ಜನರ ಮಾತು ಜೆಸೆರಿ, ಮಲೆಯಾಳದ ಬಳಗದ್ದು. ಪಡುವಣಕ್ಕೆ ಹವಳದ ದಿಬ್ಬ ಕಟ್ಟಿದ ಕೋಟೆಯೊಳಗೆ ಒಂದು ಶಾಂತವಾದ ಒಳಗಡಲಿದೆ. ಅದರಾಚೆ ದಿಬ್ಬವು ಇಳಿಜಾರಾಗಿ ಆಳಕ್ಕೆ ಸರಿಯುತ್ತದೆ. ಮುಳುಗುಗಾರರು ಬರುವುದು ಅಲ್ಲಿಗೆ.

ತರಬೇತುದಾರರು ನನ್ನ ಮಣಿಕಟ್ಟಿಗೆ ಒಂದು ಕೆಂಪು ಬಟ್ಟೆಯ ಪಟ್ಟಿಯನ್ನು ಕಟ್ಟಿದರು. ದೋಣಿಯಲ್ಲಿ ಅದು ಕುಂಕುಮದಂತೆ ಹೊಳೆಯುತ್ತಿತ್ತು. ಐದು ಮೀಟರು ಇಳಿಯುವಷ್ಟರಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಹತ್ತು ಮೀಟರು ದಾಟಿದಾಗ ಕಂದು, ಮತ್ತೆ ಬೂದು. ಪಟ್ಟಿ ಅದೇ, ಕಣ್ಣು ಅದೇ. ಅವರು ಟಾರ್ಚು ಹತ್ತಿಸಿ ಹತ್ತಿರ ಹಿಡಿದೊಡನೆ ಕುಂಕುಮದ ಬಣ್ಣ ಮರಳಿ ಬಂತು. ಬಟ್ಟೆಯ ಬಣ್ಣ ಹೋಗಿರಲಿಲ್ಲ. ಅದನ್ನು ತೋರಿಸುವ ಬೆಳಕು ಅಲ್ಲಿಗೆ ತಲುಪಿರಲಿಲ್ಲ.

ಶಾಲೆಯ ಪಾಠದಲ್ಲಿ ಮಕ್ಕಳು ಓದಿರುವಂತೆ ಬಿಳಿಯ ಬೆಳಕು ಏಳು ಬಣ್ಣಗಳ ಮಿಶ್ರಣ. ನೀರು ಇವೆಲ್ಲವನ್ನೂ ಸಮಾನವಾಗಿ ಬಿಡುವುದಿಲ್ಲ. ಉದ್ದ ತರಂಗಾಂತರದ ಕೆಂಪನ್ನು ಮೊದಲು ಹೀರುತ್ತದೆ, ಅನಂತರ ಕಿತ್ತಳೆ, ಆಮೇಲೆ ಹಳದಿ. ನೀಲಿ ಮಾತ್ರ ಬಹು ಆಳದವರೆಗೆ ಉಳಿಯುತ್ತದೆ. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರು, ಕಡಲಿನ ನೀಲಿ ಬರಿಯ ಆಕಾಶದ ಪ್ರತಿಬಿಂಬವೆಂಬ ಅಂದಿನ ಅಭಿಪ್ರಾಯವನ್ನು ಪರೀಕ್ಷಿಸಿದರು. ನಿಕೋಲ್ ಪಟ್ಟಕವೆಂಬ ಸಣ್ಣ ಸಾಧನದ ಮೂಲಕ ನೋಡಿ, ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದರು. ಆಗಲೂ ಕಡಲು ನೀಲಿಯಾಗಿಯೇ ಕಂಡಿತು. ನೀರಿನ ಕಣಗಳೇ ಬೆಳಕನ್ನು ಚದುರಿಸುತ್ತವೆಯೆಂದು ಅವರು ತೋರಿಸಿಕೊಟ್ಟರು. ಬೇಡದ ಬೆಳಕನ್ನು ತಡೆದು ಬೇಕಾದುದನ್ನು ಕಾಣುವ ಆ ಉಪಾಯವನ್ನೇ ಇಂದಿನ ನೀರೊಳಗಿನ ಛಾಯಾಗ್ರಾಹಕರೂ ಇನ್ನೊಂದು ರೀತಿಯಲ್ಲಿ ಅನುಸರಿಸುತ್ತಾರೆ.

ಅವರು ಕ್ಯಾಮೆರಾದ ಮಸೂರದ ಮುಂದೆ ನಸುಗೆಂಪು ಫಿಲ್ಟರನ್ನು ಇಡುತ್ತಾರೆ. ಅದು ಚಿತ್ರಕ್ಕೆ ಕೆಂಪನ್ನು ಬಳಿಯುತ್ತದೆಂದು ತಿಳಿಯಬಾರದು. ಮನೆಯಲ್ಲಿಯೇ ಪರೀಕ್ಷಿಸಬಹುದು: ಬಿಳಿಯ ಹಾಳೆಯಲ್ಲಿ ಕೆಂಪಿನಿಂದ ಒಂದು ಅಕ್ಷರ, ನೀಲಿಯಿಂದ ಒಂದು ಅಕ್ಷರ ಬರೆದು, ಅಲಂಕಾರದ ಕೆಂಪು ಪಾರದರ್ಶಕ ಕಾಗದದ ಮೂಲಕ ನೋಡಿರಿ. ಕೆಂಪು ಅಕ್ಷರ ಹಾಳೆಯೊಳಗೆ ಮರೆಯಾಗುತ್ತದೆ. ನೀಲಿ ಅಕ್ಷರ ಕಪ್ಪಾಗುತ್ತದೆ. ಕಾಗದವು ಏನನ್ನೂ ಸೇರಿಸಲಿಲ್ಲ, ನೀಲಿಯನ್ನು ತಡೆಯಿತು ಅಷ್ಟೆ. ಕಡಲೊಳಗೂ ಹಾಗೆಯೇ. ಮಿತಿಮೀರಿದ ನೀಲಿಯನ್ನೂ ಹಸುರನ್ನೂ ಒಂದಿಷ್ಟು ತಡೆದರೆ, ಉಳಿದಿರುವ ಅಲ್ಪ ಕೆಂಪು ತನ್ನ ಪಾಲನ್ನು ಪಡೆಯುತ್ತದೆ.

ಆದುದರಿಂದ ಅದರ ಬಳಕೆಗೆ ಎಲ್ಲೆಗಳಿವೆ. ಎರಡು ಮೂರು ಮೀಟರಿನ ತಿಳಿನೀರಿನಲ್ಲಿ ಅದನ್ನು ಹಾಕಿದರೆ ಚಿತ್ರವೆಲ್ಲ ಕೆಂಪಾಗುತ್ತದೆ. ಸುಮಾರು ಐದರಿಂದ ಹದಿನೈದು, ಇಪ್ಪತ್ತು ಮೀಟರಿನವರೆಗೆ ಅದು ಉಪಯುಕ್ತ. ಅದಕ್ಕೂ ಕೆಳಗೆ ಉಳಿಸಿಕೊಳ್ಳಲು ಕೆಂಪೇ ಇರುವುದಿಲ್ಲ. ಕಡಮತ್‌ನಂತಹ ನೀಲಿ ನೀರಿಗೆ ಕೆಂಪು ಛಾಯೆಯದು ಒಪ್ಪುತ್ತದೆ. ಹಸುರು ನೀರಿಗೆ ಮಜೆಂಟಾ ಬೇಕು. ಬೆಳಕು ಕುಗ್ಗುವುದರಿಂದ ಸೂರ್ಯನು ನೆತ್ತಿಯ ಮೇಲೋ ಬೆನ್ನ ಹಿಂದೋ ಇರಬೇಕು. ಫ್ಲಾಷ್ ಬಳಸುವಾಗ ಫಿಲ್ಟರನ್ನು ತೆಗೆಯಬೇಕು. ಇಳಿದಂತೆಲ್ಲ, ಬಿಳಿಯ ಫಲಕವನ್ನು ತೋರಿಸಿ, ಬಿಳಿ ಯಾವುದೆಂದು ಕ್ಯಾಮೆರಾಕ್ಕೆ ಮತ್ತೆ ಮತ್ತೆ ತಿಳಿಸಬೇಕು. ವಸ್ತುವಿಗೂ ಕ್ಯಾಮೆರಾಕ್ಕೂ ನಡುವಿನ ನೀರು ಕೂಡ ಬಣ್ಣವನ್ನು ಹೀರುವುದರಿಂದ ಹತ್ತಿರ ಹೋಗಬೇಕು. ಆದರೆ ಹವಳವನ್ನು ಮುಟ್ಟಕೂಡದು. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ.

ಹಾಗಾದರೆ ಫಿಲ್ಟರಿನಿಂದ ತೆಗೆದ ಚಿತ್ರ ನಿಜವೇ? ವಕೀಲನಿಗೆ ಈ ಪ್ರಶ್ನೆ ಬಾರದೆ ಇರದು. ಕಡಮತ್‌ನಲ್ಲಿ ಇದು ಬರಿಯ ತರ್ಕದ ಮಾತೂ ಅಲ್ಲ. ಕಡಲಿನ ಬಿಸಿ ಬೇಸಗೆಯ ವಾಡಿಕೆಯ ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಏರಿ ಕೆಲವು ವಾರ ನಿಂತರೆ, ಹವಳವು ತನ್ನೊಳಗೆ ಮನೆಮಾಡಿ ಬಣ್ಣವನ್ನೂ ಆಹಾರವನ್ನೂ ಕೊಡುವ ಸೂಕ್ಷ್ಮ ಪಾಚಿಗಳನ್ನು ಹೊರಗಟ್ಟುತ್ತದೆ. ಆಗ ಅದು ಸುಣ್ಣದಂತೆ ಬಿಳುಪೇರುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳಬಹುದು, ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. ದಿಬ್ಬ ಸತ್ತರೆ ಅಲೆಯನ್ನು ತಡೆಯುವ ಗೋಡೆ ಸವೆಯುತ್ತದೆ. ಕಡಲಮಟ್ಟಕ್ಕಿಂತ ತುಸುವೇ ಮೇಲಿರುವ ಈ ನೆಲಕ್ಕೆ ಬೇರೆ ಕಾವಲಿಲ್ಲ. ಇಂತಹ ಕಡೆ ಹವಳದ ಬಣ್ಣವೆಂದರೆ ಅಲಂಕಾರವಲ್ಲ, ಸಾಕ್ಷ್ಯ. ಫಿಲ್ಟರಿಲ್ಲದ ಚಿತ್ರದಲ್ಲಿ ಬಿಳಿಚಿದ ಹವಳವೂ ನೀಲಿಯಾಗಿಯೇ ಕಂಡೀತು. ಕಂಪ್ಯೂಟರಿನಲ್ಲಿ ಮನಬಂದಂತೆ ತಿದ್ದಿದ ಚಿತ್ರದಲ್ಲಿ ಸಾಯುತ್ತಿರುವ ಹವಳಕ್ಕೂ ಗುಲಾಬಿಯ ಕಳೆ ಬಂದೀತು.

ಇದಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಯೋಜನೆಯವರು ಸರಳವಾದ ಪರಿಹಾರವನ್ನು ಕಂಡುಕೊಂಡಿದ್ದಾರೆ. ತಿಳಿಯಿಂದ ಗಾಢದವರೆಗಿನ ಬಣ್ಣಗಳ ಒಂದು ಫಲಕವನ್ನು ನೀರೊಳಗೆ ಹವಳದ ಪಕ್ಕದಲ್ಲೇ ಹಿಡಿದು ಹೋಲಿಸುತ್ತಾರೆ. ಒಂದೇ ನೀರು, ಒಂದೇ ಬೆಳಕು ಎರಡರ ಮೇಲೂ ಬೀಳುವುದರಿಂದ ಹೋಲಿಕೆ ಕೆಡುವುದಿಲ್ಲ. ನ್ಯಾಯಾಲಯವೂ ಇಂತಹದನ್ನೇ ಬಯಸುತ್ತದೆ: ವಿದ್ಯುನ್ಮಾನ ಚಿತ್ರವನ್ನು ಹಾಜರುಪಡಿಸುವವನು ಅದು ಹುಟ್ಟಿದ ಬಗೆಯನ್ನು ಪ್ರಮಾಣಪತ್ರದಲ್ಲಿ ಹೇಳಬೇಕು. ಫಿಲ್ಟರ್ ಹಾಕುವುದು ಮೋಸವಲ್ಲ. ಹಾಕಿದ್ದನ್ನು ಮುಚ್ಚಿಡುವುದು ಮೋಸ.

ನಮ್ಮ ಮಕ್ಕಳಲ್ಲಿ ಯಾರಾದರೂ ನಾಳೆ ಕ್ಯಾಮೆರಾ ಹಿಡಿದು ಆ ದ್ವೀಪಗಳಿಗೆ ಹೋಗಬಹುದು. ಹೋದವರು ಪ್ರತಿ ಚಿತ್ರದ ಜತೆ ದಿನಾಂಕ, ಆಳ, ಫಿಲ್ಟರಿನ ಬಗೆ ಇವಿಷ್ಟನ್ನು ಬರೆದಿಡಲಿ; ತಿದ್ದದ ಮೂಲಚಿತ್ರವನ್ನು ಬೇರೆಯಾಗಿ ಕಾಯ್ದಿಡಲಿ. ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದರೂ ಸಾಕು. ಹತ್ತು ವರ್ಷಗಳ ಅನಂತರ ಅದೇ ದಿಬ್ಬಕ್ಕೆ ಇಳಿಯುವವರಿಗೆ, ಅಲ್ಲಿ ಏನಿತ್ತು, ಏನು ಹೋಯಿತು ಎಂದು ಲೆಕ್ಕ ಹಾಕಲು ಆ ನಾಲ್ಕು ಸಾಲುಗಳೇ ಬೇಕಾಗುತ್ತವೆ.