ಅಪ್ಪನ ದಮ್ಮು ಮತ್ತು ಗುಳಿಗೆಯ ಹೊತ್ತು

ಊರು ಬಿಟ್ಟು ದುಡಿಯೋ ನಮ್ಮಂಥವರಿಗೆ ಹೆತ್ತವರ ಆರೋಗ್ಯ ತಿಳಿಯೋದು ಫೋನಿನಲ್ಲಿ ಕೇಳೋ ದನಿಯಿಂದಲೇ. ನಾನು ಬೆಂಗಳೂರಿನಲ್ಲಿ, ಅಪ್ಪ-ಅವ್ವ ರಾಯಬಾಗ ತಾಲೂಕಿನ ಹಳ್ಳಿಯಲ್ಲಿ. ಹೊಲದ ಆಚೆ ದಂಡೆಗೆ ಕೇಳುವಂತೆ ಕೂಗುತ್ತಿದ್ದ ಅಪ್ಪನ ದನಿ ಎರಡು ವರ್ಷದಲ್ಲಿ ಪಿಸುಮಾತಾಗಿತ್ತು. ಒಂದು ಮಾತು ಮುಗಿಸೋದರೊಳಗೆ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದ. "ಎದಿಗೆ ಹಗ್ಗಾ ಬಿಗದಂಗ ಆಗತೈತಿ ನೋಡವಾ" ಅನ್ನುತ್ತಿದ್ದ.

ಅಪ್ಪನಿಗೆ ಪಾರ್ಕಿನ್ಸನ್ ಇರೋದು ಮೊದಲೇ ಗೊತ್ತಿತ್ತು. ಆದರೆ ಊರವರ ಬಾಯಲ್ಲಿ ಅದು ಬರೀ 'ನಡಗೂ ಬ್ಯಾನಿ'. ದಮ್ಮಿಗೆ ಒಬ್ಬೊಬ್ಬರದು ಒಂದೊಂದು ಕಾರಣ. ಕಬ್ಬಿನ ರವದಿ ಸುಟ್ಟ ಹೊಗೆ ಅಂದರು ಅಥಣಿಯ ಕಾಕಾ. ತಂಬಾಕಿನ ಧೂಳಿನಲ್ಲೇ ದುಡಿದ ನಿಪ್ಪಾಣಿಯ ಅತ್ತೆ ಅಸ್ತಮಾ ಅಂದಳು. ಚಿಕ್ಕೋಡಿಯಲ್ಲಿ ಎಕ್ಸ್‌ರೇ, ಇಸಿಜಿ ಎರಡೂ ಆದವು. ಎರಡೂ ಸರಿ ಇದ್ದವು. "ಹಂಗಾರ ಹೆದರಿಕಿ ಇರಬೇಕು" ಅಂದರು ಮನೆಗೆ ಬಂದವರು.

ಕೊನೆಗೆ ಕಾಗವಾಡ ದಾಟಿ ಮಿರಜಿಗೆ ಹೋದೆವು. ಅಲ್ಲಿನ ನರರೋಗ ತಜ್ಞರು ಅವ್ವನಿಗೆ ಕೇಳಿದ್ದು ಒಂದೇ ಪ್ರಶ್ನೆ: "ದಮ್ಮ ಹತ್ತೂದು ಗುಳಗಿ ತಗೊಳ್ಳೂಕಿಂತ ಮೊದಲೋ, ಆಮ್ಯಾಲೋ?"

ಅವ್ವ ಒಂದು ವಾರ ಗೋಡೆಯ ಕ್ಯಾಲೆಂಡರಿನಲ್ಲೇ ಹೊತ್ತು ಗುರುತು ಹಾಕಿದಳು. ಹೆಚ್ಚುಕಡಿಮೆ ಪ್ರತಿ ಸಲವೂ ಮುಂದಿನ ಗುಳಿಗೆಗೆ ಅರ್ಧ ತಾಸು ಇರುವಾಗಲೇ ದಮ್ಮು. ಲೆವೊಡೋಪಾ ಗುಳಿಗೆಯ ಶಕ್ತಿ ಇಳಿಯುವ ಹೊತ್ತು ಅದು.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಉಸಿರಾಡಬೇಕು ಅಂತ ನಾವು ಯಾರೂ ನೆನಪಿಟ್ಟು ಉಸಿರಾಡೋದಿಲ್ಲ. ಮಿದುಳಿನ ಬುಡದಲ್ಲಿ, ಮೆಡುಲ್ಲಾ ಅನ್ನೋ ಭಾಗದಲ್ಲಿ, ಒಂದು ಪುಟ್ಟ ನರಕೋಶಗಳ ಗುಂಪು ಹಗಲು-ರಾತ್ರಿ ಅದರ ತಾಳ ಹಾಕುತ್ತಿರುತ್ತದೆ. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1991ರಲ್ಲಷ್ಟೇ. ಪಾರ್ಕಿನ್ಸನ್ ಕೆಡಿಸೋದು ಡೋಪಮೈನ್ ತಯಾರಿಸುವ ಕೋಶಗಳನ್ನು ಮಾತ್ರವಲ್ಲ, ಮಿದುಳಿನ ಈ ಬುಡದ ಭಾಗಕ್ಕೂ ಅದು ಹಬ್ಬಬಹುದು. ಜತೆಗೆ, ಕೈಕಾಲು ಬಿಗಿಯುವಂತೆಯೇ ಪಕ್ಕೆಲುಬಿನ ನಡುವಿನ ಸ್ನಾಯುಗಳೂ ಬಿಗಿಯುತ್ತವೆ. ಪುಪ್ಪುಸ ಚೆನ್ನಾಗಿದ್ದರೂ ಎದೆಗೂಡು ಪೂರ್ತಿ ಹಿಗ್ಗೋದಿಲ್ಲ. ದನಿ ಸಣ್ಣಗಾಗೋದಕ್ಕೆ ಇದೂ ಒಂದು ಕಾರಣ. ಕೆಲವರಲ್ಲಿ ಇದರ ಉಲ್ಟಾ ಆಗುತ್ತದೆ: ಗುಳಿಗೆಯ ಪ್ರಭಾವ ಏರಿದಾಗ ಉಸಿರಿನ ಸ್ನಾಯುಗಳು ತಾವಾಗಿಯೇ ಅಡ್ಡಾದಿಡ್ಡಿ ಕುಣಿದು ತಾಳ ತಪ್ಪುತ್ತದೆ. ಅದಕ್ಕೇ ಆ ಮೊದಲೋ-ಆಮೇಲೋ ಪ್ರಶ್ನೆ.

ಡಾಕ್ಟರ್ ಗುಳಿಗೆಯ ಹೊತ್ತುಗಳನ್ನು ಹತ್ತಿರ ಮಾಡಿದರು. ದೀರ್ಘ ಉಸಿರಿನ ವ್ಯಾಯಾಮ, ದಿನಾ ಗಟ್ಟಿಯಾಗಿ ಪೇಪರ್ ಓದೋದು ಶುರುವಾಯಿತು. ಒಂದು ಎಚ್ಚರಿಕೆಯನ್ನೂ ಕೊಟ್ಟರು. ಈ ರೋಗದಲ್ಲಿ ಕೆಮ್ಮುವ ಬಲ ಕುಂದುತ್ತದೆ, ನುಂಗೋದೂ ನಿಧಾನವಾಗುತ್ತದೆ. ಅನ್ನ, ನೀರು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗಬಹುದು. ಪಾರ್ಕಿನ್ಸನ್ ಇರುವವರ ಸಾವಿಗೆ ಅದು ಮುಖ್ಯ ಕಾರಣಗಳಲ್ಲಿ ಒಂದು. ಈಗ ಅಪ್ಪ ನೆಟ್ಟಗೆ ಕುಳಿತು, ಟಿವಿ ಆರಿಸಿ, ಸಣ್ಣ ಸಣ್ಣ ತುತ್ತು ಉಣ್ಣುತ್ತಾನೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನುತ್ತಾನೆ.

ರೋಗ ಹೋಗಿಲ್ಲ, ಹೋಗೋದೂ ಇಲ್ಲ. ಆದರೆ 'ಬರೀ ಹೆದರಿಕಿ' ಅನ್ನೋ ಮಾತು ನಮ್ಮ ಮನೆಯಲ್ಲಿ ನಿಂತಿದೆ. ಅಪ್ಪನಿಗೆ ಅರ್ಧ ನೆಮ್ಮದಿ ಸಿಕ್ಕಿದ್ದು ಅದರಿಂದಲೇ.

ನಿಮ್ಮ ಮನೆಯಲ್ಲೂ ಪಾರ್ಕಿನ್ಸನ್ ಇರುವವರಿದ್ದರೆ ದಮ್ಮಿನ ಹೊತ್ತು, ಗುಳಿಗೆಯ ಹೊತ್ತು ಎರಡನ್ನೂ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಗುಳಿಗೆಯನ್ನು ನೀವೇ ಹೆಚ್ಚುಕಡಿಮೆ ಮಾಡಬೇಡಿ. ದಮ್ಮು ದಿಢೀರನೆ ಬಂದರೆ, ಎದೆನೋವು ಇದ್ದರೆ, ಜ್ವರದ ಜತೆ ಕೆಮ್ಮು ಇದ್ದರೆ ಪಾರ್ಕಿನ್ಸನ್ ಅಂತ ಸುಮ್ಮನೆ ಕೂರಬೇಡಿ. ಮೊದಲು ದವಾಖಾನೆಗೆ ಕರೆದುಕೊಂಡು ಹೋಗಿ.