ಬಾವಿಯ ತಳದ ಗುರುತ್ವ

ರಂಗಂಪೇಟೆಯ ನಮ್ಮ ಓಣಿಯ ಪಿಯುಸಿ ಹುಡುಗಿಯೊಬ್ಬಳು ಮೊನ್ನೆ ಗೈಡು ಹಿಡಿದುಕೊಂಡು ಬಂದು, "ಕಾಕಾ, ಭೂಮಿ ಒಳಗ ಇಳಿದಂಗ ಗುರುತ್ವ ಕಡಿಮಿ ಆಗ್ತದ ಅಂತ ಬರದಾರ, ಯಾಕ್ರೀ?" ಅಂದಳು. ಉತ್ತರ ಹೇಳುವ ಮೊದಲು ಹಾಳೆಯ ಮೇಲೆ ಒಂದು ವೃತ್ತ ಬರೆದೆ. ಈ ವೃತ್ತ ಬರೆಯುವ ಸಂದರ್ಭ ಬಂತೆಂದರೆ ನನಗೆ ಹಬ್ಬ.

ಭೂಮಿಯೊಳಗೆ ಇಳಿದಾಗ ನಮ್ಮ ಮೇಲೆ ಉಳಿಯುವ ಚಿಪ್ಪು ಒಂದು ಟೊಳ್ಳು ಗೋಳ. ಟೊಳ್ಳು ಗೋಳದೊಳಗೆ ಎಲ್ಲಿ ನಿಂತರೂ ಅದರ ಸೆಳೆತ ಸೊನ್ನೆ. ನಿಂತ ಬಿಂದುವಿನಿಂದ ಎದುರುಬದುರಾಗಿ ಎರಡು ಕಿರಿದಾದ ಶಂಕುಗಳನ್ನು ಎಳೆಯಿರಿ. ಅವು ಗೋಳದ ಮೇಲೆ ಕತ್ತರಿಸುವ ತುಣುಕುಗಳು ದೂರದ ವರ್ಗದಂತೆ ಹಿಗ್ಗುತ್ತವೆ, ಸೆಳೆತ ಅದೇ ವರ್ಗದಂತೆ ಕುಗ್ಗುತ್ತದೆ. ಎರಡು ಕಡೆಯ ಎಳೆತ ಒಂದನ್ನೊಂದು ಅಳಿಸಿಹಾಕುತ್ತದೆ. ನ್ಯೂಟನ್ನನ 1687ರ 'ಪ್ರಿನ್ಸಿಪಿಯಾ'ದ ಮೊದಲ ಭಾಗದ 70ನೇ ಪ್ರಮೇಯ ಇದು. ಆದರೆ ತುಣುಕುಗಳು ಓರೆಯಾಗಿವೆಯಲ್ಲ? ಅಲ್ಲೇ ಇರುವುದು ಸೊಗಸು: ಗೋಳವನ್ನು ಹಾಯುವ ಗೆರೆ ಎರಡೂ ತುದಿಯಲ್ಲಿ ಅದನ್ನು ಒಂದೇ ಕೋನದಲ್ಲಿ ಮುಟ್ಟುತ್ತದೆ. ಓರೆ ಎರಡೂ ಕಡೆ ಸಮ. ಚಿತ್ರ ಬರೆಯುವವರಲ್ಲೂ ಬಹಳ ಜನ ಈ ಮಾತನ್ನು ನುಂಗಿಬಿಡುತ್ತಾರೆ. ಉಳಿದವರು ನೇರವಾಗಿ ಅನುಕಲನಕ್ಕೆ ಕೈಹಾಕಿ, ಅರ್ಧ ಪುಟ ಗೀಚಿ ಸೊನ್ನೆ ತಂದು ಕೈತೊಳೆದುಕೊಳ್ಳುತ್ತಾರೆ. ಸೊನ್ನೆ ಬಂತು, ಸರಿ. ಯಾಕೆ ಬಂತು ಎಂಬುದು ಕಣ್ಣಿಗೆ ಕಂಡಿತೇ? ಖಭೌತವಿಜ್ಞಾನಿ ಎಸ್. ಚಂದ್ರಶೇಖರ್ ನ್ಯೂಟನ್‌ನ ಪ್ರಮೇಯಗಳನ್ನು ಮೊದಲು ತಾವೇ ಸಾಧಿಸಿ, ಆಮೇಲೆ ಅವನ ದಾರಿಯೊಂದಿಗೆ ಹೋಲಿಸಿ, 1995ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಅಂಥವರೇ ಅಷ್ಟು ಹೊತ್ತು ಕೂತು ನೋಡಿದ ಚಿತ್ರವನ್ನು ನಮ್ಮವರು ಪರೀಕ್ಷೆಗೆ ಬರುವುದಿಲ್ಲವೆಂದು ಬಿಡುತ್ತಾರೆ. ಸಿಟ್ಟು ಬರದೆ ಇರುತ್ತದೆಯೇ?

ಗೈಡಿನ ತಪ್ಪು ಇನ್ನೂ ದೊಡ್ಡದು. ಆಳಕ್ಕೆ ಇಳಿದಾಗ ಉಳ್ಳಾಗಡ್ಡಿಯ ಹೊರ ಪದರಿನಂತೆ ಮೇಲಿನ ಚಿಪ್ಪು ಲೆಕ್ಕದಿಂದ ಕಳಚುತ್ತದೆ, ನಿಜ. ಜೊತೆಗೆ ಕೇಂದ್ರ ಹತ್ತಿರವಾಗುತ್ತದೆ. ಇಳಿದ ಆಳವನ್ನು ಭೂಮಿಯ ತ್ರಿಜ್ಯದಿಂದ ಭಾಗಿಸಿದಷ್ಟನ್ನು ಒಂದು ಪಾಲು ಎನ್ನೋಣ. ಹತ್ತಿರವಾದದ್ದರಿಂದ ಬರುವ ಲಾಭ ಎರಡು ಪಾಲು. ಚಿಪ್ಪು ಕಳಚಿದ ನಷ್ಟ, ಮೂರು ಪಾಲನ್ನು ಮೇಲ್ಪದರದ ಸಾಂದ್ರತೆಯಿಂದ ಗುಣಿಸಿ ಇಡೀ ಭೂಮಿಯ ಸರಾಸರಿಯಿಂದ ಭಾಗಿಸಿದಷ್ಟು. ಎರಡೂ ಸಾಂದ್ರತೆ ಒಂದೇ ಆಗಿದ್ದರೆ ಮಾತ್ರ ಒಟ್ಟಾರೆ ಒಂದು ಪಾಲು ನಷ್ಟ. ಗೈಡು ಈ 'ಆಗಿದ್ದರೆ' ಎಂಬುದನ್ನೇ ಕೈಬಿಟ್ಟಿದೆ. ನಮ್ಮ ಸುರಪುರದ ಗುಡ್ಡದ ಗ್ರಾನೈಟ್ ನೀರಿಗಿಂತ ಸುಮಾರು 2.7 ಪಟ್ಟು ಭಾರ, ಭೂಮಿಯ ಸರಾಸರಿ 5.5. ನಷ್ಟ ಒಂದೂವರೆ ಪಾಲೂ ಆಗುವುದಿಲ್ಲ. ಅಂದರೆ ಇಳಿದಂತೆಲ್ಲ ಗುರುತ್ವ ಹೆಚ್ಚುತ್ತದೆ! ಒಂದು ಕಿಲೋಮೀಟರಿಗೆ ಲಕ್ಷದಲ್ಲಿ ಸುಮಾರು ಎಂಟು ಭಾಗ. ಕೃಷ್ಣೆಯ ಆಚೆಯ ಹಟ್ಟಿ ಚಿನ್ನದ ಗಣಿಯ ಕರಿಗಲ್ಲು ತುಸು ಹೆಚ್ಚು ಭಾರದ್ದು. ಅಲ್ಲಿ ಏರಿಕೆ ಸ್ವಲ್ಪ ಕಡಿಮೆ, ಆದರೂ ಏರಿಕೆಯೇ. ಮೂರು ಕಿಲೋಮೀಟರಿಗಿಂತ ಆಳ ತೋಡಿದ ಕೋಲಾರದ ಚಾಂಪಿಯನ್ ರೀಫ್ ಗಣಿಗೂ ಇದೇ ಲೆಕ್ಕ.

ಇದು ಬರೀ ಕಾಗದದ ಲೆಕ್ಕವಲ್ಲ. 1854ರಲ್ಲಿ ಖಗೋಳಜ್ಞ ಜಾರ್ಜ್ ಏರಿ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲು ಗಣಿಯ ಬಾಯಲ್ಲೊಂದು, ಸುಮಾರು 380 ಮೀಟರ್ ಕೆಳಗೊಂದು ಲೋಲಕ ತೂಗಿಸಿದ. ಕೆಳಗಿನದು ದಿನಕ್ಕೆ ಎರಡೂಕಾಲು ಸೆಕೆಂಡು ಮುಂದೆ ಓಡಿತು. ಭೂಮಿಯ ಸಾಂದ್ರತೆ ಅಳೆಯಲೆಂದೇ ಅವನು ಗಣಿಗೆ ಇಳಿದದ್ದು.

ಮಾಸ್ತರರೇ, ಇಳಿದಂತೆ ಗುರುತ್ವ ಕಡಿಮೆಯಾಗುತ್ತದೆ ಎನ್ನುವ ಗೈಡಿನ ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವಾಗ ಪಕ್ಕದಲ್ಲಿ 'ಸಾಂದ್ರತೆ ಎಲ್ಲೆಡೆ ಒಂದೇ ಎಂದುಕೊಂಡರೆ' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಅದಕ್ಕೂ ಮೊದಲು ಆ ಎರಡು ಶಂಕುಗಳನ್ನು ಎಳೆದು ತೋರಿಸಿ.