ಎರೆ ನಾಡಿನ ಕರಿಕಲ್ಲು

ಬಾದಾಮಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗುವುದಾದರೆ ಕಿಟಕಿ ಪಕ್ಕದ ಸೀಟು ಹಿಡಿಯಿರಿ. ಬಾದಾಮಿಯಲ್ಲಿ ಬೆಟ್ಟವೂ ಕೆಂಪು, ಗುಹೆಯೂ ಕೆಂಪು. ಕೊಲ್ಹಾರದ ಉದ್ದನೆಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ ಮುಂದೆ ಸಾಗಿದಂತೆ ನೆಲ ಕಪ್ಪಾಗುತ್ತ ಹೋಗುತ್ತದೆ. ಕಳೆದ ಜನವರಿಯಲ್ಲಿ ನಾನೂ ಮೊಮ್ಮಗಳೂ ಹೋದಾಗ ಆ ಕಪ್ಪು ನೆಲದ ತುಂಬ ಬಿಳಿಜೋಳ ತೆನೆ ಹೊತ್ತು ನಿಂತಿತ್ತು.

“ಇಷ್ಟು ಮಸಿ ಯಾರು ಚೆಲ್ಲಿದ್ದು ಅಜ್ಜಾ?” ಎಂದಳು.

ಚೆಲ್ಲಿದ್ದು ಭೂಮಿಯೇ! ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲಿ, ಇಲ್ಲಿಂದ ಉತ್ತರಕ್ಕೆ ಮತ್ತು ಪಶ್ಚಿಮಕ್ಕೆ ನೆಲ ಬಿರಿದು ಲಾವಾರಸ ಉಕ್ಕಿತು. ಚಿತ್ರಪುಸ್ತಕದಲ್ಲಿರುವಂಥ ಚೂಪು ತುದಿಯ ಅಗ್ನಿಪರ್ವತವಲ್ಲ, ಉದ್ದುದ್ದ ಬಿರುಕುಗಳು. ಆ ರಸದ ಬಿಸಿ 1,100 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಅದರಲ್ಲಿ ಸಿಲಿಕಾ ಕಡಿಮೆಯಾದ್ದರಿಂದ ಮುದ್ದೆಯಂತೆ ಕೂರದೆ ಅಂಬಲಿಯಂತೆ ಹರಿಯಿತು. ಒಂದು ಹರಿವು ಆರಿ ಕಲ್ಲಾದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಈ ಹಾಸು ಉಳಿದಿದೆ. ಬಹುಪಾಲು ಮಹಾರಾಷ್ಟ್ರದಲ್ಲಿ, ನಮ್ಮ ವಿಜಯಪುರ, ಬೀದರ್, ಕಲಬುರಗಿ, ಬೆಳಗಾವಿಯ ಕಡೆ ಅದರ ದಕ್ಷಿಣದ ಅಂಚು. ಈ ಕಲ್ಲೇ ಬಸಾಲ್ಟ್.

ಗೋಲಗುಮ್ಮಟಕ್ಕೆ ಬಂದವರೆಲ್ಲ ಮೇಲೆ ಹತ್ತಿ ಕೂಗುತ್ತಾರೆ. ನಾವೂ ಕೂಗಿದೆವು, ಬಿಡಿ. ಆದರೆ ಕೆಳಗೆ ನಿಂತು ಗೋಡೆಯ ಕಲ್ಲನ್ನು ಮುಟ್ಟಿ ನೋಡುವವರು ಕಡಿಮೆ. 1656ರ ಹೊತ್ತಿಗೆ ಕಟ್ಟಿದ ಆ ಗೋಡೆ ಇದೇ ಬಸಾಲ್ಟಿನದು. ಗ್ರಾನೈಟಿನಲ್ಲಿ ಹರಳುಗಳು ಕಣ್ಣಿಗೆ ಕಾಣುತ್ತವೆ, ಏಕೆಂದರೆ ಅದು ನೆಲದಾಳದಲ್ಲಿ ನಿಧಾನವಾಗಿ ಆರಿದ ಕಲ್ಲು. ಬಸಾಲ್ಟ್ ಹೊರಗಿನ ಗಾಳಿಗೆ ಬೇಗ ಆರಿದ್ದು. ಹರಳು ಬೆಳೆಯಲು ಸಮಯವೇ ಸಿಗಲಿಲ್ಲ. ಹಾಗಾಗಿ ಕಣ ನುಣುಪು. ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಬಣ್ಣ ಕಪ್ಪು, ತೂಕವೂ ಹೆಚ್ಚು.

ಮರುದಿನ ಪರಿಚಯದ ರೈತರೊಬ್ಬರ ಹೊಲಕ್ಕೆ ಹೋದೆವು. ನನಗೆ ಗುಮ್ಮಟಕ್ಕಿಂತ ಅವರ ಬಾವಿಯೇ ಹೆಚ್ಚು ಹಿಡಿಸಿತು. ಒಳಗೆ ಬಗ್ಗಿ ನೋಡಿದರೆ ಲಾವಾದ ಹರಿವುಗಳು ಪದರು ಪದರಾಗಿ ಕಾಣುತ್ತವೆ. ನಡುವೆ ಗಟ್ಟಿ ಕಲ್ಲು, ಅದರ ಕೆಳಗೆ ಜೇನುಗೂಡಿನಂಥ ತೂತುಗಲ್ಲು. ಕುದಿಯುವ ರಸದಿಂದ ಹೊರಟ ಅನಿಲದ ಗುಳ್ಳೆಗಳು ಪಾರಾಗುವ ಮೊದಲೇ ಕಲ್ಲು ಹೆಪ್ಪುಗಟ್ಟಿದ ಗುರುತು ಅದು. ಕೆಲವು ತೂತುಗಳಲ್ಲಿ ಬಿಳಿ ಹರಳು ತುಂಬಿತ್ತು.

“ಗಟ್ಟಿ ಕಲ್ಲಿನ್ಯಾಗ ನೀರು ನಿಲ್ಲೂದಿಲ್ರೀ. ಬಿರಿಕು, ತೂತಿನ ಕಲ್ಲು ಹತ್ತಿದ್ರ ನಸೀಬು,” ಎಂದರು ಅವರು. ಪಕ್ಕದ ಹೊಲದವರು ಸಾಲ ಮಾಡಿ ಕೊರೆಸಿದ ಬೋರಿಗೆ ಅದು ಹತ್ತಲೇ ಇಲ್ಲವಂತೆ. ನಡುವೆ ಇರುವುದು ಬರೀ ಒಂದು ಬದು. ಅದನ್ನು ಹೇಳುವಾಗ ಅವರು ಆ ಕಡೆ ನೋಡಲಿಲ್ಲ.

ನೀರಿನ ವಿಷಯದಲ್ಲಿ ಇಷ್ಟು ಜಿಪುಣನಾದ ಕಲ್ಲು ಮಣ್ಣಾದಾಗ ಮಾತ್ರ ಗುಣ ಬದಲಿಸುತ್ತದೆ. ಸಾವಿರಾರು ವರ್ಷ ಮಳೆ, ಬಿಸಿಲಿಗೆ ಸಿಕ್ಕಿ ಬಸಾಲ್ಟ್ ಕೊಳೆತು ಆದದ್ದೇ ಎರೆಮಣ್ಣು. ಮಳೆ ಬಂದರೆ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹಿಂಗಾರಿಯಲ್ಲಿ ಬಿತ್ತಿದ ಜೋಳ ಮಳೆ ನಿಂತ ಮೇಲೂ ಆ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ತೆನೆಗಟ್ಟುತ್ತದೆ. ಬೋರು ಬತ್ತಿದ ಪಕ್ಕದ ಹೊಲದಲ್ಲೂ ಜೋಳ ನಿಂತಿತ್ತು. ಮಧ್ಯಾಹ್ನ ನಮ್ಮ ತಟ್ಟೆಗೆ ಬಿದ್ದ ರೊಟ್ಟಿಯೂ ಇದೇ ನೆಲದ್ದು.

ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ಚಂದ್ರನಲ್ಲಿ ಮೊಲ ಕಾಣುತ್ತಿತ್ತು. ಆ ಕಪ್ಪು ಕಲೆಗಳೂ ಬಸಾಲ್ಟೇ, 1969ರಲ್ಲಿ ಅಪೊಲೊ 11ರ ಯಾನಿಗಳು ಅದರ ಚೂರುಗಳನ್ನು ತಂದಿದ್ದರು ಎಂದೆ.

“ಹಾಗಾದರೆ ಅಲ್ಲಿ ಎರೆಮಣ್ಣು ಯಾಕಿಲ್ಲ?” ಎಂದಳು ಮೊಮ್ಮಗಳು.

ನಾನು ಬಾಯಿ ತೆರೆಯುವ ಮೊದಲೇ ಆಚೆ ಮಂಚದಿಂದ ರೈತರು ಹೇಳಿದರು: “ಅಲ್ಲಿ ಮಳಿ ಎಲ್ಲೈತವ್ವಾ?”